ಉರಿಮೂತ್ರ ಉಷ್ಣದಿಂದಲ್ಲ: ರಿವರ್‌ಸೈಡ್‌ನ ಗೆಳತಿಯರಿಗೆ ಪ್ರತ್ಯುತ್ತರ

ನೈರೋಬಿಯ ರಿವರ್‌ಸೈಡ್‌ನಲ್ಲಿ ಕೆಲವು ಕನ್ನಡದ ಮನೆಗಳವರು ಆಗಾಗ ಒಂದೆಡೆ ಸೇರುವುದುಂಟು. ಈಚೆಗೆ ಅಂಥದೊಂದು ಕೂಟದಲ್ಲಿ ಹೆಂಗಸರನ್ನು ಕಾಡುವ ಮೂತ್ರದ ಸೋಂಕು, ಕಿಡ್ನಿಯ ತೊಂದರೆಗಳ ಬಗ್ಗೆ ಬಿಚ್ಚಿಯೇ ಮಾತಾಡಿದೆ. ಉರಿಮೂತ್ರವಾದರೆ ಕಷಾಯ ಕುಡಿದು ದಿನ ದೂಡಬೇಡಿ, ಚಳಿಜ್ವರ ಬಂದರಂತೂ ಅವತ್ತೇ ಆಸ್ಪತ್ರೆಗೆ ಹೋಗಿ, ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದವರು ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಅಲ್ಲೇ ಕೆಲವರು, ಆಮೇಲೆ ಫೋನಿನಲ್ಲಿ ಇನ್ನು ಕೆಲವರು ಎದುರು ಮಾತಾಡಿದರು. ಎಲ್ಲರೂ ತಿಳಿದವರೇ, ನನಗೆ ಬೇಕಾದವರೇ. ಆದರೆ ಅವರ ಮಾತನ್ನು ಹಾಗೇ ಬಿಟ್ಟರೆ ಯಾರಾದರೊಬ್ಬಳ ಕಿಡ್ನಿಗೆ ಕುತ್ತು ಬಂದೀತು ಎಂಬ ಭಯ ನನಗಿದೆ. ಅದಕ್ಕೇ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದೇನೆ.

"ಇದೆಲ್ಲ ಉಷ್ಣ ಕಣಮ್ಮ. ಬಾರ್ಲಿ ನೀರು, ಎಳನೀರು, ಕೊತ್ತಂಬರಿ ಬೀಜದ ಕಷಾಯ ಕುಡಿದರೆ ಇಳಿಯುತ್ತೆ. ನಮ್ಮಜ್ಜಿ ಕಾಲದಿಂದ ನಡೆದುಬಂದಿದ್ದು" ಎಂದರು ಮೈಸೂರಿನ ಹಿರಿಯರೊಬ್ಬರು.

ಅಮ್ಮ, ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲಿ ನಾವೆಲ್ಲ ಸ್ವೆಟರ್ ಹಾಕಿಕೊಂಡೇ ಓಡಾಡುತ್ತೇವೆ. ಆ ಚಳಿಯಲ್ಲೂ ಉರಿಮೂತ್ರ ಬರುತ್ತದಲ್ಲ? ಅದಕ್ಕೆ ಬಹುಪಾಲು ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಸಾಮಾನ್ಯ ಮೂತ್ರ ಸೋಂಕುಗಳಲ್ಲಿ ನಾಲ್ಕಕ್ಕೆ ಮೂರು ಅದರದೇ ಕೆಲಸ. ನಮ್ಮ ಕರುಳಿನಲ್ಲಿ ತೊಂದರೆ ಕೊಡದೆ ಇರುವ ಅದು ಮೂತ್ರದ ದಾರಿಗೆ ಬಂದಾಗ ಕಾಟ ಶುರುವಾಗುತ್ತದೆ. ಗಂಡಸರಲ್ಲಿ ಆ ದಾರಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಬರೀ 4. ಮೂತ್ರಕೋಶ ತಲುಪಲು ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಬಾರ್ಲಿ ನೀರನ್ನು ನಾನು ಹಳಿಯುವುದಿಲ್ಲ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿದವರಿಗೆ ಒಂದು ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ, ಮೊದಲಿನಷ್ಟೇ ಕುಡಿದವರಿಗೆ 3.2 ಸಲ. ಅಂದರೆ ಅಜ್ಜಿ ಹೇಳಿದ್ದರಲ್ಲಿ ನೀರು ಕುಡಿ ಎಂಬ ಭಾಗ ಸರಿ. ಈ ಊರಿನ ತಂಪಿನಲ್ಲಿ ಬಾಯಾರಿಕೆಯೇ ಆಗುವುದಿಲ್ಲವಾದ್ದರಿಂದ ಅದನ್ನು ನೆನಪಿಟ್ಟುಕೊಂಡೇ ಕುಡಿಯಬೇಕು. ಇನ್ನೂ ಒಂದು ನಿಜ: ಆರೋಗ್ಯವಂತ ಹುಡುಗಿಯರಲ್ಲಿ ಸಣ್ಣ ಸೋಂಕು ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ. ಆಗ ಹೆಸರು ಕಷಾಯಕ್ಕೆ ಬರುತ್ತದೆ. ಇಳಿಯದೆ ಮೇಲೇರಿ ಕಿಡ್ನಿಗೆ ಹೋಗುವ ಸೋಂಕು ಯಾವುದೆಂದು ಮೊದಲ ದಿನ ಯಾರೂ ಹೇಳಲಾರರು. ಆದ್ದರಿಂದ ಲಕ್ಷಣ ಗೊತ್ತಿರಬೇಕು.

ಮನೆಮದ್ದಿನ ಹೆಸರಿನಲ್ಲಿ ಎಲ್ಲ ಬೇರು-ಬಳ್ಳಿಯೂ ನಿರಪಾಯ ಎನ್ನುವವರಿಗೆ ಇನ್ನೊಂದು ಮಾತು. ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲೆಂದು ಚೀನೀ ಗಿಡಮೂಲಿಕೆ ತಿಂದ ಯುವತಿಯರ ಕಿಡ್ನಿ ಹಾಳಾದ ಸಂಗತಿ 1993ರಲ್ಲಿ ಬೆಳಕಿಗೆ ಬಂತು. ಕಾರಣ ಅರಿಸ್ಟೊಲೋಕಿಯಾ ಜಾತಿಯ ಗಿಡ. ನಮ್ಮ ಕಡೆ ಈಶ್ವರಬಳ್ಳಿ ಎಂದು ಕರೆಯುವ ಬಳ್ಳಿಯೂ ಅದೇ ಜಾತಿಯದು. ಬಾರ್ಲಿಯಿಂದ ಅಪಾಯವಿಲ್ಲ. ಊರಿನಿಂದ ಪೊಟ್ಟಣ ಕಟ್ಟಿ ಕಳಿಸಿದ, ಒಳಗೇನಿದೆಯೆಂದು ತಿಳಿಯದ ಪುಡಿಯಿಂದ ಇದೆ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ನೋಯಿಸಿತು. "ಶುಚಿಯಾಗಿರದವರಿಗೆ ಬರುವ ಕಾಯಿಲೆ ಅದು. ಮದುವೆಯಾಗದ ಹುಡುಗಿಯರ ಮುಂದೆ ಆಡುವ ಮಾತೇ?"

ಹುಡುಗಿಯರ ಮುಂದೆಯೇ ಆಡಬೇಕಾದ ಮಾತು. ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕಾಗುತ್ತದೆ. ಅವರೆಲ್ಲ ಕೊಳಕರೇ? ನಿಜವಾಗಿ ಅತಿಯಾದ ಶುಚಿಯೇ ಕೆಡುಕು ಮಾಡುತ್ತದೆ. ಡೆಟಾಲು, ಸುವಾಸನೆಯ ವಾಶ್‌ಗಳನ್ನು ಹಾಕಿ ತೊಳೆದರೆ ಯೋನಿಯಲ್ಲಿ ಕಾವಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ. ಬರೀ ನೀರು ಸಾಕು. ಗಂಡನೊಡನೆ ಕೂಡುವುದರಿಂದ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ, ಅದು ದೇಹರಚನೆಯ ಸಂಗತಿ, ನಡತೆಯದಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಅದೇ ಕಾವಲು ಸಡಿಲವಾಗುವುದರಿಂದ ಐವತ್ತು ದಾಟಿದವರಿಗೂ ಪದೇ ಪದೇ ಸೋಂಕಾಗುತ್ತದೆ. ಅವರಿಗೆ ವೈದ್ಯರು ಕೊಡುವ ಈಸ್ಟ್ರೋಜನ್ ಕ್ರೀಮ್ ಒಳ್ಳೆಯ ಉಪಾಯ. ನಾಚಿಕೆಯಿಂದ ಎಷ್ಟು ಜನ ಅದನ್ನು ಕೇಳದೇ ಉಳಿದಿದ್ದಾರೋ!

ಶುಚಿಯ ಮಾತು ಎತ್ತಿದ ಮೇಲೆ ಇದನ್ನೂ ಹೇಳಬೇಕು. ಸಂಜೆ ವಾಯಾಕಿ ವೇಯಲ್ಲಿ ಟ್ರಾಫಿಕ್‌ಗೆ ಸಿಕ್ಕು ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡು ಕೂರುವವರು ನಾವು. ನಮ್ಮ ಫ್ಲಾಟುಗಳಲ್ಲಿ ಬೆಳಗಿನಿಂದ ಕೆಲಸ ಮಾಡುವ ಹೆಂಗಸರ ಪಾಡು ಇನ್ನೂ ಕಷ್ಟ. ಎಸ್‌ಕ್ಯೂ, ಅಂದರೆ ಕೆಲಸದವರ ಕೋಣೆ, ಇರುವ ಮನೆಯಾದರೆ ಅಲ್ಲಿ ಟಾಯ್ಲೆಟ್ ಇರುತ್ತದೆ. ಇಲ್ಲದ ಮನೆಯಲ್ಲಿ ಅವರು ಎಲ್ಲಿಗೆ ಹೋಗಬೇಕು? ನಮ್ಮ ಬಾತ್‌ರೂಮ್ ಬಳಸು ಎಂದು ಬಾಯಿಬಿಟ್ಟು ಹೇಳಿದವರು ಎಷ್ಟು ಮಂದಿ? ಮೂತ್ರ ಕಟ್ಟಿದಷ್ಟೂ ಬ್ಯಾಕ್ಟೀರಿಯಾಗೆ ಬೆಳೆಯಲು ಸಮಯ ಸಿಗುತ್ತದೆ. ಹೇಳದಿದ್ದವರು ಇವತ್ತೇ ಹೇಳಿ.

"ಕೆಮಿಸ್ಟ್ ಹತ್ತಿರ ಸಿಪ್ರೋ ತಗೊಂಡರೆ ಎರಡು ದಿನಕ್ಕೆ ಸರಿಹೋಗುತ್ತೆ, ಪರೀಕ್ಷೆ ಯಾಕೆ?" ಇದು ಕಿರಿಯ ಗೆಳತಿಯೊಬ್ಬಳ ಪ್ರಶ್ನೆ. ಸಿಪ್ರೊಫ್ಲಾಕ್ಸಸಿನ್ ಕೆಟ್ಟ ಔಷಧವಲ್ಲ, ಸಣ್ಣ ಸೋಂಕಿಗೆ ತಕ್ಕ ಔಷಧವಲ್ಲ. ಬೇರೆ ಔಷಧ ಇರುವಾಗ ಮಾಮೂಲಿ ಮೂತ್ರ ಸೋಂಕಿಗೆ ಈ ಗುಂಪಿನವನ್ನು ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿತು. ಸ್ನಾಯುರಜ್ಜು ಹರಿಯುವುದು, ನರಗಳಿಗೆ ಪೆಟ್ಟಾಗುವುದು ಇದರ ಅಡ್ಡ ಪರಿಣಾಮಗಳಲ್ಲಿ ಸೇರಿವೆ. ಮೂತ್ರಕೋಶದ ಸೋಂಕಿಗೆ ನೈಟ್ರೊಫ್ಯುರಾಂಟಾಯಿನ್ ಎಂಬ ಹಳೆಯ ಔಷಧ ಐದು ದಿನ ಸಾಮಾನ್ಯವಾಗಿ ಸಾಕು. ಅದನ್ನೂ ವೈದ್ಯರೇ ಬರೆದುಕೊಡಲಿ, ಏಕೆಂದರೆ ಸೋಂಕು ಕಿಡ್ನಿಗೆ ಏರಿದ್ದರೆ ಅದು ಕೆಲಸ ಮಾಡದು. ಎರಡು ಗುಳಿಗೆ ನುಂಗಿ, ಉರಿ ಇಳಿದೊಡನೆ ಬಿಟ್ಟು, ಉಳಿದದ್ದನ್ನು ಪಕ್ಕದ ಮನೆಯವಳಿಗೆ ಕೊಡುವ ಅಭ್ಯಾಸದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಸೋಂಕಾದರೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲೇಬೇಕು. ಮೊದಲ ಗುಳಿಗೆ ನುಂಗುವ ಮುಂಚೆ, ಮೊದಲು ಬರುವ ಮೂತ್ರವನ್ನು ಬಿಟ್ಟು ನಡುವಿನದನ್ನು ಹಿಡಿದು ಕೊಡಬೇಕು.

ಉರಿಯೆಲ್ಲ ಸೋಂಕೂ ಅಲ್ಲ. ತುರಿಕೆ, ಬಿಳಿಸೆರಗು ಜೊತೆಗಿದ್ದರೆ ತೊಂದರೆ ಯೋನಿಯಲ್ಲಿರಬಹುದು. ಕಲ್ಚರ್‌ನಲ್ಲಿ ಏನೂ ಬೆಳೆಯದೆ ಮೂತ್ರದಲ್ಲಿ ಕೀವುಕಣ ಮಾತ್ರ ಕಾಣುತ್ತಲೇ ಇದ್ದರೆ ಕ್ಲಮಿಡಿಯಾ, ಮೂತ್ರಾಂಗದ ಕ್ಷಯ ಇವನ್ನೂ ನೋಡಬೇಕು. ಕ್ಷಯ ನಮ್ಮ ದೇಶದಲ್ಲೂ ಈ ದೇಶದಲ್ಲೂ ಅಪರೂಪದ್ದಲ್ಲ. ಇವು ಯಾವುದಕ್ಕೂ ಸಿಪ್ರೋ ಪಟ್ಟಿ ಉತ್ತರವಾಗದು.

ಮೂತ್ರದಲ್ಲಿ ರಕ್ತ ಕಂಡರೂ "ಮುಟ್ಟಿನದಿರಬೇಕು, ಉಷ್ಣ ಹೆಚ್ಚಾಗಿರಬೇಕು" ಎಂದು ಸುಮ್ಮನಾದ ಗೆಳತಿಗೆ ಇಲ್ಲಿ ಬೇರೆಯಾಗಿಯೇ ಹೇಳಬೇಕು. ಸೋಂಕಿನಲ್ಲೂ ಕಲ್ಲಿನಲ್ಲೂ ರಕ್ತ ಬರುತ್ತದೆ. ಆದರೆ ನೋವಿಲ್ಲದೆ ಬರುವ ರಕ್ತವನ್ನು, ಅದರಲ್ಲೂ ಐವತ್ತರ ಆಚೆಗೆ, ಮೂತ್ರಕೋಶದ ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾಗುವವರೆಗೆ ಬಿಡಬಾರದು. ಹೆಂಗಸರಲ್ಲಿ ಈ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದೇ ಮತ್ತೆ ಮತ್ತೆ ಸೋಂಕೆಂದು ಔಷಧ ಕೊಟ್ಟು ಕಳಿಸುವುದರಿಂದ. ಕೆನ್ಯಾದಲ್ಲಿರುವ ನಮಗೆ ಮತ್ತೊಂದು ಕಾರಣವೂ ಉಂಟು: ಬಿಲ್ಹಾರ್ಜಿಯಾ. ಸಿಹಿನೀರಿನ ಬಸವನಹುಳುಗಳಲ್ಲಿ ಬೆಳೆದ ಹುಳದ ಮರಿ ನೀರಿಗಿಳಿದವರ ಚರ್ಮ ಹೊಕ್ಕು ಒಳಸೇರುತ್ತದೆ. ಮೂತ್ರಕೋಶಕ್ಕೆ ತಗಲುವ ಜಾತಿ ಇಲ್ಲಿನ ಕರಾವಳಿಯ ಕ್ವಾಲೆ, ಕಿಲಿಫಿ, ಟಾನಾ ನದಿಯ ಕಡೆ ಇದೆ. ಮೂತ್ರದ ಕೊನೆಯಲ್ಲಿ ರಕ್ತ ಬರುವುದು ಅದರ ಗುರುತು. ಪ್ರಾಜಿಕ್ವಾಂಟೆಲ್ ಗುಳಿಗೆಯಿಂದ ವಾಸಿಯಾಗುತ್ತದೆ. ಭಾರತದಲ್ಲಿ ಈ ರೋಗ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಬೆಂಗಳೂರಿನ ವೈದ್ಯರಿಗೆ ತಟ್ಟನೆ ಹೊಳೆಯದಿರಬಹುದು. ಕೆರೆ, ಹೊಳೆಯಲ್ಲಿ ಈಜಿದ್ದನ್ನು ನೀವೇ ಹೇಳಬೇಕು. ಸಮುದ್ರದ ನೀರಿನಿಂದ ಭಯವಿಲ್ಲ.

"ನಂಗೆ ಸೊಂಟನೋವು, ಕಿಡ್ನಿಯೇ ಇರಬೇಕು" ಎನ್ನುವವರೂ "ಸೊಂಟನೋವಿಲ್ಲ, ಕಿಡ್ನಿ ಚೆನ್ನಾಗಿದೆ" ಎನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಬಗ್ಗಿದರೆ ಏಳುವ, ಮಲಗಿದರೆ ಇಳಿಯುವ ಸೊಂಟನೋವು ಬಹುತೇಕ ಬೆನ್ನಿನದು. ಕಿಡ್ನಿಯ ಸೋಂಕಿನ ನೋವು ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಮಗ್ಗುಲಲ್ಲಿ ಇರುತ್ತದೆ. ಜೊತೆಗೆ ನಡುಗಿಸುವ ಚಳಿ, ಜ್ವರ, ವಾಂತಿ. ಕಲ್ಲಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುತ್ತದೆ, ಕೂತಲ್ಲಿ ಕೂರಲು ಬಿಡುವುದಿಲ್ಲ. ಕಲ್ಲಿನ ನೋವಿನೊಂದಿಗೆ ಜ್ವರವೂ ಬಂದರೆ ಅದು ತುರ್ತು, ತಡಮಾಡಿದರೆ ಸೋಂಕು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ಬರಬಹುದು. ಆದರೆ ವರ್ಷಗಟ್ಟಲೆ ನಿಧಾನವಾಗಿ ಕಿಡ್ನಿಯನ್ನು ತಿನ್ನುವ ರೋಗಕ್ಕೆ ನೋವೇ ಇರುವುದಿಲ್ಲ. ಪಾದ ಊದುವುದು, ಮೂತ್ರದಲ್ಲಿ ನೊರೆ ನಿಲ್ಲುವುದು, ರಾತ್ರಿ ಪದೇ ಪದೇ ಏಳುವುದು, ಕಾರಣವಿಲ್ಲದ ಸುಸ್ತು, ಇಷ್ಟೇ. ಅದೂ ತಡವಾಗಿ. ಸೊಂಟನೋವಿಗೆಂದು ದಿನವೂ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳೇ ಕೆಲವರ ಕಿಡ್ನಿಯನ್ನು ಕೆಡಿಸುತ್ತವೆ.

ಬೋರ್‌ವೆಲ್ ನೀರೇ ಎಲ್ಲಕ್ಕೂ ಕಾರಣ ಎಂದವರಿಗೆ ಚಿಕ್ಕ ಉತ್ತರ. ನೈರೋಬಿಯ ಅನೇಕ ಬೋರ್‌ವೆಲ್‌ಗಳಲ್ಲಿ ನಮ್ಮ ಕೋಲಾರದ ಹಾಗೆ ಫ್ಲೋರೈಡ್ ಹೆಚ್ಚಿರುವುದು ನಿಜ. ಅದು ಹಲ್ಲು, ಮೂಳೆ ಕೆಡಿಸುತ್ತದೆ. ಮೂತ್ರದ ಸೋಂಕು ತರುವುದಿಲ್ಲ.

"ಕ್ರಿಯಾಟಿನಿನ್ ನಾರ್ಮಲ್ ಬಂದಿದೆ, ಇನ್ನೇನು?" ಎಂದರು ಬ್ಯಾಂಕಿನಲ್ಲಿರುವ ಗೆಳತಿ. ಲೆಕ್ಕ ಬಲ್ಲವರು, ಲೆಕ್ಕವನ್ನೇ ಹೇಳುತ್ತೇನೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆ. ಆದ್ದರಿಂದ ಕಿಡ್ನಿ ಸೋತಿದ್ದರೂ ಸಂಖ್ಯೆ ಸಣ್ಣದಾಗಿಯೇ ಕಾಣುತ್ತದೆ. 1.1 ಎಂಬ ಒಂದೇ ಸಂಖ್ಯೆಯನ್ನು ಕಿಡ್ನಿ ತಜ್ಞರು ಬಳಸುವ 2021ರ ಸೂತ್ರಕ್ಕೆ ಹಾಕಿ ನೋಡಿ: ಮೂವತ್ತರ ಗಂಡಸಿಗೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ಇ-ಜಿಎಫ್‌ಆರ್, ಸುಮಾರು 93 ಬರುತ್ತದೆ. ಅರವತ್ತರ ಹೆಂಗಸಿಗೆ ಸುಮಾರು 58. ಮೂರು ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ರೋಗ ಎನ್ನುತ್ತಾರೆ. ಇನ್ನೊಂದು ತೊಡಕೂ ಇದೆ. ಇಲ್ಲಿನ ಹಲವು ಲ್ಯಾಬ್‌ಗಳು ಮಿಲಿಗ್ರಾಂ ಬದಲು ಮೈಕ್ರೋಮೋಲ್‌ನಲ್ಲಿ ಬರೆಯುತ್ತವೆ, ಊರಿನ 1.1 ಇಲ್ಲಿ 97 ಆಗುತ್ತದೆ. ಹಾಗಾಗಿ ಎರಡೂ ಕಡೆಯ ವರದಿ ಹೋಲಿಸುವಾಗ ಇ-ಜಿಎಫ್‌ಆರ್ ನೋಡಿ. ಜೊತೆಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ ಬೇಕೇ ಬೇಕು. ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕ್ರಿಯಾಟಿನಿನ್ ಏರುವ ಎಷ್ಟೋ ಮುಂಚೆ ಅದು ಹೇಳಿಬಿಡುತ್ತದೆ.

ನನ್ನ ಮಾತನ್ನು ಅತಿಯಾಗಿ ಒಪ್ಪಿದವರೂ ಒಬ್ಬರಿದ್ದರು. ಊರಿನಿಂದ ಬಂದ ಅತ್ತೆಯವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೆಂದು ವರದಿ ಬಂತಂತೆ, ಉರಿಯಿಲ್ಲ, ಜ್ವರವಿಲ್ಲ, ಆದರೂ ಆಂಟಿಬಯಾಟಿಕ್ ಕೊಡಿಸಬೇಕಂತೆ. ಬೇಡ. ವಯಸ್ಸಾದ ಅನೇಕ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯಾ ಇರುತ್ತದೆ. ಲಕ್ಷಣವಿಲ್ಲದಿದ್ದರೆ ಔಷಧವಿಲ್ಲ. ಬರೀ ವಾಸನೆ ಬಂದರೆ ಅದೂ ಸೋಂಕಲ್ಲ. ಇದಕ್ಕೆ ದೊಡ್ಡ ಅಪವಾದ ಬಸುರಿಯರು. ಅವರಲ್ಲಿ ಲಕ್ಷಣವಿಲ್ಲದ ಬ್ಯಾಕ್ಟೀರಿಯಾವನ್ನೂ ಬಿಡಬಾರದು, ಬಿಟ್ಟರೆ ಕಿಡ್ನಿ ಸೋಂಕು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಮೊದಲ ತಪಾಸಣೆಯಲ್ಲೇ ಮೂತ್ರ ಪರೀಕ್ಷೆ ಆಗಲೇಬೇಕು.

ಉಳಿದದ್ದು "ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸುತ್ತೇನೆ" ಎಂಬ ಗೆಳತಿಯೊಬ್ಬಳ ಮಾತು. ನಮ್ಮ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುವ ಸಮಾಧಾನ ನನಗೂ ಗೊತ್ತು. ಆದರೆ ಇದೇ ಗೆಳತಿ ಗಂಡನಿಗೆ ಎದೆ ಹಿಡಿದಂತಾದರೆ ಡಿಸೆಂಬರ್‌ವರೆಗೆ ಕಾಯುವಳೇ? 2018ರ ಮಾರ್ಚ್ 8ರಂದು ವಿಶ್ವ ಕಿಡ್ನಿ ದಿನ, ಮಹಿಳಾ ದಿನ ಒಟ್ಟಿಗೆ ಬಂದಾಗ ಜಗತ್ತಿನ ಕಿಡ್ನಿ ತಜ್ಞರು ಒಂದು ಲೆಕ್ಕ ಮುಂದಿಟ್ಟರು: ದೀರ್ಘಕಾಲದ ಕಿಡ್ನಿ ರೋಗವಿರುವ ಹೆಂಗಸರು ಸುಮಾರು 19.5 ಕೋಟಿ, ವರ್ಷಕ್ಕೆ ಸಾಯುವವರು ಸುಮಾರು 6 ಲಕ್ಷ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮನೆಯವರಿಗೆ ಕಿಡ್ನಿ ಕೊಡುವವರಲ್ಲಿ ಬಹುಪಾಲು ಹೆಂಗಸರು, ಪಡೆಯುವವರಲ್ಲಿ ಬಹುಪಾಲು ಗಂಡಸರು. ಕೊಡಲು ಮುಂದೆ ಬರುವವಳು ತನ್ನದನ್ನು ಕಾಪಾಡಿಕೊಳ್ಳಲು ಹಿಂದೆ ಸರಿಯಬಾರದು.

ರಿವರ್‌ಸೈಡ್‌ನಿಂದ ಪಾರ್ಕ್‌ಲ್ಯಾಂಡ್ಸ್‌ನ ಆಗಾ ಖಾನ್, ಎಂ.ಪಿ. ಷಾ ಆಸ್ಪತ್ರೆಗಳು ದೂರವಿಲ್ಲ. ಚಳಿಜ್ವರದ ಜೊತೆ ಪಕ್ಕೆನೋವು ಬಂದರೆ, ಬಸುರಿಗೆ ಉರಿಮೂತ್ರವಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಹೊತ್ತು ಯಾವುದೇ ಇರಲಿ, ಹೊರಡಿ. ಜೊತೆಗೆ ಬರುವವರು ಬೇಕಿದ್ದರೆ ನನಗೆ ಫೋನ್ ಮಾಡಿ, ಬರುತ್ತೇನೆ.