ಬಾಟಲಿಯ ಮದ್ದೂ ಬಡವನ ಗಾಡಿಯೂ

ಹಳೆಯ ಇಂಜಿನ್ನಿಗೆಂದು ಪೆಟ್ರೋಲಿನಲ್ಲಿ ಬೆರೆಸುವ ಮದ್ದಿನ ಬಾಟಲಿಗಳು ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಕೊಳ್ಳುವ ಮುನ್ನ ವಿಚಾರಿಸಬೇಕು: ರೋಗ ತಂದವರು ಯಾರು?

2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಹಳೆಯ ಇಂಜಿನ್ನಿನ ವಾಲ್ವಿಗೆ ಅದು ಆಸರೆಯಾಗಿದ್ದರೂ ಮಕ್ಕಳ ಮಿದುಳಿಗೆ ವಿಷವಾಗಿತ್ತು, ತೆಗೆದದ್ದು ನ್ಯಾಯ. ಆದರೆ 2025ರ ಹೊತ್ತಿಗೆ ನೂರಕ್ಕೆ 20 ಪಾಲು ಎಥೆನಾಲ್, ಅಂದರೆ ಮದ್ಯಸಾರವನ್ನೇ ಬೆರೆಸಿದರು. ಇದನ್ನು ತಾಳುವಂತೆ ಗಾಡಿಗಳನ್ನು ಕಟ್ಟತೊಡಗಿದ್ದು 2023ರ ಏಪ್ರಿಲಿನಿಂದ. ಕುಪ್ಪೇಲೂರಿನಿಂದ ರಾಣೇಬೆನ್ನೂರಿಗೆ ದುಡಿಯಲು ಬರುವವನ, ಸಂತೆಯಿಂದ ಸಂತೆಗೆ ಸರಕು ಸಾಗಿಸುವ ಚಿಲ್ಲರೆ ವ್ಯಾಪಾರಿಯ ಗಾಡಿ ಅಷ್ಟು ಹೊಸದೇ? ಷೋಕಿಗಾಗಿ ಅಂಬಾಸಿಡರ್ ಸಾಕಿಕೊಂಡ ಶ್ರೀಮಂತರು ತಮ್ಮ ಗೋಳನ್ನು ತಾವೇ ನೋಡಿಕೊಳ್ಳಲಿ.

ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಸುವು ಕಡಿಮೆ. ಅದು ನೀರನ್ನು ಹೀರುತ್ತದೆ; ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಉಬ್ಬಿಸುತ್ತದೆ. ತುಕ್ಕು ತಡೆಯುವ ಮದ್ದು ಸ್ವಲ್ಪಮಟ್ಟಿಗೆ ನಿಜ. ಆದರೆ ಉಬ್ಬಿದ ರಬ್ಬರನ್ನು ಯಾವ ಬಾಟಲಿಯೂ ಸರಿಪಡಿಸದು, ಹೋದ ಮೈಲೇಜನ್ನೂ ಮರಳಿ ತಾರದು. ಆ ದುಡ್ಡಿಗೆ ಹೊಸ ಪೈಪು ಹಾಕಿಸುವುದು ಮೇಲು.

ರೈತನಿಗೆ ಲಾಭವೆನ್ನುತ್ತಾರೆ. ಎಥೆನಾಲಿಗೆ ಮೆಕ್ಕೆಜೋಳ ಬಳಸುತ್ತಾರೆ; ನಮ್ಮ ಜಿಲ್ಲೆ ಹೇರಳವಾಗಿ ಬೆಳೆಯುವುದೂ ಅದನ್ನೇ. ಆದರೂ 2025ರಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಗಾಗಿ ರೈತರು ಬೀದಿಗಿಳಿಯಬೇಕಾಯಿತು. ಹಾಗಾದರೆ ಲಾಭ ಯಾರ ಗಲ್ಲೆಗೆ ಹೋಯಿತು?

ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಇನ್ನು ಕೇಳಬೇಕಾದವರು ನಾವೇ. ಪ್ರತಿ ಬಂಕಿನಲ್ಲಿಯೂ ಬೆರಕೆಯ ಪ್ರಮಾಣವನ್ನು ಕನ್ನಡದಲ್ಲಿ ಬರೆದು ತೂಗುಹಾಕಲಿ. ಹಳೆಯ ಗಾಡಿಗಳಿಗೆ ಕಡಿಮೆ ಬೆರಕೆಯದೊಂದು ಪಂಪನ್ನು ಉಳಿಸಲಿ.