ನಾಯಿಮರಿ ಇಲಿಪಾಷಾಣ ತಿಂದರೆ

ರಾತ್ರಿ ಅಕ್ಕಿ ಮೂಟೆಯ ಹಿಂದೆ ಇಲಿಪಾಷಾಣದ ಕೇಕ್ ಇಟ್ಟು ಮಲಗಿದ್ದೀರಿ. ಬೆಳಿಗ್ಗೆ ನೋಡಿದರೆ ಅದರ ಪೊಟ್ಟಣ ಅಂಗಳದಲ್ಲಿ ಹರಿದು ಬಿದ್ದಿದೆ. ತೋಟ ಕಾಯಲೆಂದು ತಂದ ನಾಯಿಮರಿ ಬಾಲ ಅಲ್ಲಾಡಿಸುತ್ತಾ ಪಕ್ಕದಲ್ಲೇ ನಿಂತಿದೆ. "ಉಮ್ಮಾ, ಅದಕ್ಕೇನೂ ಆಗಿಲ್ಲ" ಎನ್ನುತ್ತಾರೆ ಮಕ್ಕಳು. ಸಂಜೆಯವರೆಗೆ ನೋಡೋಣ ಎಂದು ನೀವೂ ಅಡುಗೆ ಕೋಣೆಗೆ ಮರಳುತ್ತೀರಿ.

ದಯವಿಟ್ಟು ಹಾಗೆ ಕಾಯಬೇಡಿ. ಇಂತಹ ಕೇಕ್‌ಗಳಲ್ಲಿ ಸಾಮಾನ್ಯವಾಗಿ ಇರುವ ವಿಷ ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ಮಾಡದಂತೆ ಅದು ತಡೆಯುತ್ತದೆ. ಆದರೆ ಹೆಪ್ಪುಗಟ್ಟಿಸುವ ಅಂಶಗಳು ರಕ್ತದಲ್ಲಿ ಮೊದಲೇ ಇರುವುದರಿಂದ 3ರಿಂದ 5 ದಿನ ಮರಿ ಎಂದಿನಂತೆಯೇ ಕುಣಿದಾಡುತ್ತಿರುತ್ತದೆ. ಆಮೇಲೆ ಒಸಡು ಬಿಳಿಚುತ್ತದೆ, ಏದುಸಿರು ಬರುತ್ತದೆ, ಮೂಗಿನಿಂದ ರಕ್ತ ಸುರಿಯಬಹುದು, ಮಲ ಕಪ್ಪಾಗಬಹುದು. ರಕ್ತಸ್ರಾವ ಒಳಗೊಳಗೇ ನಡೆದಿರುತ್ತದೆ.

ತಿಂದ ಎರಡು ಗಂಟೆಯೊಳಗೆ ತಲುಪಿದರೆ ಪಶುವೈದ್ಯರು ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಬಲ್ಲರು. ತಡವಾಗಿದ್ದರೂ ಹೋಗಿ, ಇದಕ್ಕೆ ವಿಟಮಿನ್ ಕೆ1 ಎಂಬ ಮದ್ದಿದೆ. ಕೆ3 ಎಂಬ ಇನ್ನೊಂದು ಬಗೆ ಇದಕ್ಕೆ ನಾಟುವುದಿಲ್ಲ, ಆದ್ದರಿಂದ ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿಯೇ ಕೊಳ್ಳಿ. ಮಾತ್ರೆಯನ್ನು ಸಾಮಾನ್ಯವಾಗಿ 3-4 ವಾರ ಕೊಡಬೇಕಾಗುತ್ತದೆ. ಮರಿ ಗೆಲುವಾಯಿತೆಂದು ನಡುವೆ ನಿಲ್ಲಿಸಿದವರೇ ಮತ್ತೆ ಆಸ್ಪತ್ರೆಗೆ ಓಡುವುದು.

ಕಪ್ಪು ಬೂದು ಬಣ್ಣದ ಪುಡಿಯಾಗಿದ್ದರೆ ಅದು ಝಿಂಕ್ ಫಾಸ್ಫೈಡ್ ಇರಬಹುದು. ಇದರ ಕಥೆಯೇ ಬೇರೆ. ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ, ಪ್ರತಿವಿಷವಿಲ್ಲ. ಏನಾದರೂ ತಿನ್ನಿಸಿದರೆ ಆಮ್ಲ ಇನ್ನೂ ಹೆಚ್ಚುತ್ತದೆ. ವಾಂತಿಯಿಂದಲೂ ಆ ಅನಿಲ ಹೊಮ್ಮುವುದರಿಂದ ಮಕ್ಕಳನ್ನು ದೂರವಿಡಿ, ಕಾರಿನಲ್ಲಿ ಒಯ್ಯುವಾಗ ಕಿಟಕಿ ತೆರೆದಿಡಿ.

ಉಪ್ಪುನೀರು ಕುಡಿಸಿ ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಪುಟ್ಟ ಮರಿಗೆ ಆ ಉಪ್ಪೇ ವಿಷವಾದೀತು. ಬಾಯಿ ಅಗಲಿಸಿ ಹೊಯ್ದ ಹಾಲು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮರಿ ಸೆಟೆದುಕೊಳ್ಳುತ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಲೇಬೇಡಿ.

ಹರಿದ ಪೊಟ್ಟಣವನ್ನು ಎಸೆಯದೆ ಜೊತೆಗೆ ಒಯ್ಯಿರಿ. ಯಾವ ವಿಷ, ಎಷ್ಟು ತಿಂದಿರಬಹುದು, ಎಷ್ಟು ಹೊತ್ತಾಯಿತು ಎಂದು ವೈದ್ಯರು ಮೊದಲು ಕೇಳುತ್ತಾರೆ. ಹೊರಡುವ ಮೊದಲು ಅಂಗಳದಲ್ಲಿ ಉಳಿದ ಚೂರುಗಳನ್ನು ಯಾರಿಂದಲಾದರೂ ಹೆಕ್ಕಿಸಿ. ಮನೆಯಲ್ಲಿ ತೆವಳುವ ಮಗುವೂ ಇರುತ್ತದಲ್ಲ!