ವೇಗದ ಮಿತಿಯೂ ಇಂಧನದ ಮಿತವ್ಯಯವೂ

ನಾಗಪುರವು ದಾರಿಗಳು ಕೂಡುವ ಊರು. ಭಾರತದ ಭೂಮಾಪನ ಕಾರ್ಯದ ಕಾಲದಲ್ಲಿ ಆಂಗ್ಲರು ನೆಟ್ಟ ಶೂನ್ಯ ಮೈಲಿಯ ಕಂಬವು ನಾಲ್ಕು ಕಲ್ಲುಕುದುರೆಗಳೊಡನೆ ಇಂದಿಗೂ ನಮ್ಮ ನಗರದ ನಡುವೆ ನಿಂತಿದೆ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯೂ, ಗುಜರಾತಿನಿಂದ ಒಡಿಶಾದ ಕಡಲತೀರಕ್ಕೆ ಸಾಗುವ 53ನೆಯ ಹೆದ್ದಾರಿಯೂ ಇಲ್ಲಿಯೇ ಸಂಧಿಸುತ್ತವೆ. ಮುಂಬಯಿಯತ್ತ ಹೋಗುವ 701 ಕಿಲೋಮೀಟರು ಉದ್ದದ ಸಮೃದ್ಧಿ ಮಹಾಮಾರ್ಗವು 2022ರ ಡಿಸೆಂಬರಿನಲ್ಲಿ ಶಿರಡಿಯವರೆಗೆ ತೆರೆದು, 2025ರ ಜೂನ್ ತಿಂಗಳಲ್ಲಿ ಪೂರ್ಣಗೊಂಡಿತು. ಕನ್ನಡಿಗರಾದ ನಮಗಾದರೋ 44ನೆಯ ಹೆದ್ದಾರಿಯೇ ತವರಿನ ದಾರಿ. ವರ್ಧಾ ರಸ್ತೆಯಿಂದ ಹೊರಟು ಬುಟಿಬೋರಿಯನ್ನು ದಾಟಿ, ಆದಿಲಾಬಾದು, ಹೈದರಾಬಾದು, ಕರ್ನೂಲು, ಅನಂತಪುರಗಳ ಮೇಲೆ ಬಾಗೇಪಲ್ಲಿಯ ಬಳಿ ಕರ್ನಾಟಕವನ್ನು ಹೊಕ್ಕು ಬೆಂಗಳೂರನ್ನು ಸೇರುವ ಈ ದಾರಿಯು ಸಾವಿರ ಕಿಲೋಮೀಟರಿಗೂ ಮಿಗಿಲಾದುದು. ಬೇಸಗೆಯ ರಜೆಯಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಇದರ ಮೇಲೆ ಪ್ರಯಾಣ ಮಾಡುತ್ತೇವೆ.

ಇಂತಹ ಹೆದ್ದಾರಿಯ ಮೇಲೆ ವೇಗದ ಮಿತಿಯನ್ನು ಪಾಲಿಸುವುದು ಅವಶ್ಯವೇ ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ರಸ್ತೆ ಅಗಲವಾಗಿದೆ, ಮೋಟಾರು ಬಲವಾಗಿದೆ, ಎಲ್ಲರೂ ಮಿತಿಯನ್ನು ಮೀರಿಯೇ ಓಡುತ್ತಿದ್ದಾರೆ. ಒಬ್ಬನು ಮಾತ್ರ ಫಲಕವನ್ನು ನೋಡಿಕೊಂಡು ಸಾಗಿದರೆ ಉಳಿದವರಿಗೆ ಅಡ್ಡಿಯಲ್ಲವೇ, ಅವನು ಉಳಿಸುವ ಒಂದೆರಡು ಲೀಟರು ಪೆಟ್ರೋಲಿನಿಂದ ಆಗುವ ಲಾಭವೇನು, ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವು ಎಂಬುದನ್ನು ಲೆಕ್ಕದ ಮೂಲಕವೇ ತೋರಿಸಬಯಸುತ್ತೇವೆ.

ಮೊದಲು ಗಾಳಿಯ ಲೆಕ್ಕ. ಓಡುವ ವಾಹನವು ಎದುರಿನ ಗಾಳಿಯನ್ನು ಸರಿಸಿಕೊಂಡೇ ಮುಂದೆ ಹೋಗಬೇಕು. ಈ ಗಾಳಿಯ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಂದು ಭೌತವಿಜ್ಞಾನವು ಹೇಳುತ್ತದೆ. ಗಂಟೆಗೆ 100 ಕಿಲೋಮೀಟರಿನಲ್ಲಿ ಹೋಗುವವನು 120ಕ್ಕೆ ಏರಿದರೆ ವೇಗವು ನೂರಕ್ಕೆ ಇಪ್ಪತ್ತರಷ್ಟು ಮಾತ್ರ ಹೆಚ್ಚಿತು. ಗಾಳಿಯ ತಡೆಯಾದರೋ ನೂರಕ್ಕೆ ನಲವತ್ತನಾಲ್ಕರಷ್ಟು ಹೆಚ್ಚಿತು. ಚಕ್ರಗಳ ಉರುಳಾಟಕ್ಕೂ ಇಂಧನವು ವ್ಯಯವಾಗುವುದರಿಂದ ಒಟ್ಟು ಖರ್ಚು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲವೆಂಬುದು ನಿಜ. ಆದರೆ ಇಂತಹ ವೇಗಗಳಲ್ಲಿ ಗಾಳಿಯ ಪಾಲೇ ದೊಡ್ಡದು.

ಎರಡನೆಯದು ಬ್ರೇಕಿನ ಲೆಕ್ಕ. ವಾಹನಗಳು ಕಿಕ್ಕಿರಿದ ಹೆದ್ದಾರಿಗೆ ಇದು ವಿಶೇಷವಾಗಿ ಸಲ್ಲುತ್ತದೆ. ಕಿತ್ತಳೆಯನ್ನೋ ಕಲ್ಲಿದ್ದಲನ್ನೋ ಹೇರಿಕೊಂಡ ಲಾರಿಗಳ ಸಾಲಿನ ನಡುವೆ 100ರ ವೇಗವು ಎಷ್ಟು ಹೊತ್ತು ನಿಂತೀತು? ಅವಸರದ ಚಾಲಕನು ಒಂದು ಲಾರಿಯ ಬೆನ್ನಿನವರೆಗೆ ಧಾವಿಸುತ್ತಾನೆ, ಬ್ರೇಕು ಹಾಕಿ 60ಕ್ಕೆ ಇಳಿಯುತ್ತಾನೆ, ಸಂದು ಸಿಕ್ಕೊಡನೆ ಮತ್ತೆ 100ಕ್ಕೆ ಏರುತ್ತಾನೆ. ಪ್ರತಿ ಸಲವೂ ಪೆಟ್ರೋಲಿನಿಂದ ಗಳಿಸಿದ ಶಕ್ತಿಯು ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಒಂದು ಸಾವಿರ ಕಿಲೋಗ್ರಾಮು ತೂಕದ ಕಾರನ್ನು 60ರಿಂದ ಮತ್ತೆ 100ಕ್ಕೆ ಏರಿಸಲು ಸುಮಾರು 30 ಮಿಲಿಲೀಟರು ಪೆಟ್ರೋಲು ಬೇಕೆಂದು ಲೆಕ್ಕ ಹಾಕಬಹುದು. ಎರಡು ದೊಡ್ಡ ಚಮಚೆಯಷ್ಟೇ, ಅದೇನು ಮಹಾ ಎನ್ನುವಿರೇನೋ! ಆದರೆ ಮೂವತ್ತಮೂರು ಸಲ ಹೀಗೆ ಮಾಡಿದರೆ ಒಂದು ಲೀಟರು ಮುಗಿಯಿತು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯು ಉಳಿತಾಯಕ್ಕೆ ಸಲ್ಲುವಂತೆ ಪೋಲಿಗೂ ಸಲ್ಲುತ್ತದೆ. ಮುಂದಿನ ಲಾರಿಯಿಂದ ಸಾಕಷ್ಟು ದೂರವಿರಿಸಿಕೊಂಡು ಒಂದೇ ಸಮನಾದ ವೇಗದಲ್ಲಿ ಸಾಗುವವನಿಗೆ ಈ ನಷ್ಟದ ಬಹುಪಾಲು ತಪ್ಪುತ್ತದೆ.

ಇನ್ನು ಕಾಲದ ಲೆಕ್ಕವನ್ನು ನೋಡೋಣ. ನೂರು ಕಿಲೋಮೀಟರು ದಾರಿಯನ್ನು 100ರ ವೇಗದಲ್ಲಿ ಕ್ರಮಿಸಲು 60 ನಿಮಿಷ ಬೇಕು. 120ರಲ್ಲಾದರೆ 50 ನಿಮಿಷ. ಲಾಭ ಹತ್ತು ನಿಮಿಷ. ಇದು ಕಾಗದದ ಮೇಲಿನ ಲಾಭ. ಸುಂಕದ ಕಟ್ಟೆ, ಊರಿನ ತಿರುವು, ಲಾರಿಗಳ ಸಾಲು ಇವೆಲ್ಲವೂ ಸೇರಿ ಆ ಹತ್ತು ನಿಮಿಷವನ್ನು ನಾಲ್ಕೈದಕ್ಕೆ ಇಳಿಸುತ್ತವೆ. ನಮ್ಮನ್ನು ಹಿಂದೆ ಹಾಕಿ ಹಾರಿದ ಕಾರು ಮುಂದಿನ ಸುಂಕದ ಕಟ್ಟೆಯಲ್ಲಿ ನಮ್ಮ ಮುಂದೆಯೇ ನಿಂತಿರುವುದನ್ನು ಕಾಣದವರು ವಿರಳ.

ಅಡ್ಡಿಯ ಮಾತಿಗೂ ಉತ್ತರ ಹೇಳಬೇಕಷ್ಟೆ. ಮಿತಿಯೊಳಗೆ ಹೋಗುವವನು ಬಲಗಡೆಯ ಸಾಲನ್ನು ಹಿಡಿದು ಕುಳಿತರೆ ಅಡ್ಡಿಯಾಗುವುದು ನಿಜ. ಆ ಸಾಲು ಮುಂದಿನ ವಾಹನವನ್ನು ದಾಟುವುದಕ್ಕಾಗಿ ಇರುವುದು. ದಾಟಿದ ಬಳಿಕ ಎಡಕ್ಕೆ ಸರಿದು ಸಾಗುವವನು ಯಾರಿಗೂ ಅಡ್ಡಿಯಲ್ಲ. ಪೆಟ್ರೋಲಿಯಂ ಸಂರಕ್ಷಣೆಯ ಪ್ರಚಾರಕರು 45ರಿಂದ 55 ಕಿಲೋಮೀಟರಿನ ವೇಗವೇ ಮಿತವ್ಯಯಕ್ಕೆ ಹಿತವೆಂದು ಬಹುಕಾಲದಿಂದ ಸಾರಿದ್ದಾರೆ. ಆದರೂ ವೇಗವಾಗಿ ಹರಿಯುವ ಹೆದ್ದಾರಿಯ ನಡುವೆ ಏಕಾಂಗಿಯಾಗಿ ತೆವಳಬೇಕೆಂದು ನಾವು ಹೇಳುವವರಲ್ಲ, ಅದರಲ್ಲಿಯೂ ಅಪಾಯವಿದೆ. ಎಡಗಡೆಯ ಸಾಲಿನ ಹರಿವಿನೊಡನೆ, ಮಿತಿಯನ್ನು ಮೀರದೆ, ಸಮವೇಗದಲ್ಲಿ ನಡೆಯಿರಿ ಎಂಬುದಿಷ್ಟೇ ನಮ್ಮ ಮಾತು. ಮಿತಿಯೆಂಬುದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ಸಮೃದ್ಧಿ ಮಾರ್ಗವನ್ನು 150 ಕಿಲೋಮೀಟರಿನ ವೇಗವನ್ನು ತಾಳುವಂತೆ ರಚಿಸಿದ್ದರೂ ಕಾರುಗಳಿಗೆ ವಿಧಿಸಿದ ಮಿತಿ 120. ನಡುವಣ ಅಂತರವು ಮನುಷ್ಯನ ಕಣ್ಣು ತಪ್ಪುವ ಗಳಿಗೆಗಾಗಿ ಕಾದಿರಿಸಿದ್ದು.

ಈ ವಿಷಯದಲ್ಲಿ ಅಮೆರಿಕದ ಅನುಭವವು ಬೋಧಪ್ರದವಾಗಿದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದಾಗ ಆ ದೇಶವು 1974ರ ಆರಂಭದಲ್ಲಿ ಗಂಟೆಗೆ 55 ಮೈಲಿಯ, ಎಂದರೆ ಸುಮಾರು 89 ಕಿಲೋಮೀಟರಿನ, ಮಿತಿಯನ್ನು ದೇಶಕ್ಕೆಲ್ಲ ವಿಧಿಸಿತು. ಉದ್ದೇಶ ಇಂಧನದ ಉಳಿತಾಯ. ಉಳಿತಾಯವು ನಿರೀಕ್ಷಿಸಿದಷ್ಟು ಆಗಲಿಲ್ಲ. ಆದರೆ 1973ರಲ್ಲಿ ಸುಮಾರು 54 ಸಾವಿರದಷ್ಟಿದ್ದ ರಸ್ತೆಯ ಸಾವುಗಳು 1974ರಲ್ಲಿ ಸುಮಾರು 45 ಸಾವಿರಕ್ಕೆ ಇಳಿದವು. ತೈಲದ ಅಭಾವದಿಂದ ಜನರ ಸಂಚಾರವೇ ಕುಗ್ಗಿದುದೂ ಇದಕ್ಕೆ ಒಂದು ಕಾರಣ. ವೇಗವು ತಗ್ಗಿದುದು ಮತ್ತೊಂದು. 1995ರಲ್ಲಿ ಆ ಶಾಸನವು ರದ್ದಾಯಿತು. ಎಣ್ಣೆಯನ್ನು ಉಳಿಸಲು ಹೊರಟವರು ಪ್ರಾಣಗಳನ್ನು ಉಳಿಸಿದರೆಂಬ ಪಾಠ ಮಾತ್ರ ಉಳಿದಿದೆ.

ನಮ್ಮ ದೇಶಕ್ಕೆ ಈ ಎರಡು ಉಳಿತಾಯಗಳೂ ಬೇಕು. ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ಪರದೇಶದಿಂದ ಬರುತ್ತದೆ. ಉರಿದ ಒಂದೊಂದು ಲೀಟರು ಪೆಟ್ರೋಲೂ ಎರಡು ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ವಾಯುಮಂಡಲಕ್ಕೆ ಸೇರಿಸುತ್ತದೆ. ಇವೆರಡಕ್ಕಿಂತಲೂ ಘೋರವಾದುದು ಮೂರನೆಯ ಅಂಕಿ: 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯು ದಾಖಲಿಸಿದೆ. ಇದಕ್ಕೂ ಲೆಕ್ಕದ ಆಧಾರವಿದೆ. ನೂರರ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 28 ಮೀಟರು ಸಾಗುತ್ತದೆ, 120ರಲ್ಲಿ 33 ಮೀಟರು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಗಾಳಿಯ ತಡೆಯಂತೆಯೇ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಪೆಟ್ರೋಲನ್ನು ನುಂಗುವ ಸೂತ್ರವೂ ಪ್ರಾಣವನ್ನು ನುಂಗುವ ಸೂತ್ರವೂ ಒಂದೇ!

ಹಾಗಾದರೆ ಹೊತ್ತಿಗೆ ಸರಿಯಾಗಿ ತಲಪುವುದು ಹೇಗೆ? ಇದಕ್ಕೆ ಉತ್ತರವನ್ನು ನಮ್ಮ ನಾಡಿನವರೇ ಆದ ಒಬ್ಬ ಮಹನೀಯರ ಜೀವನದಲ್ಲಿ ಕಾಣಬಹುದು. 1960ರಲ್ಲಿ ನಾಗಪುರದಲ್ಲಿ ಸ್ಥಾಪಿತವಾಗಿ ಇಂದು ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಗಿರುವ ವಿದ್ಯಾಲಯಕ್ಕೆ ಇಟ್ಟಿರುವುದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅವರು ಹುಟ್ಟಿದ ಮುದ್ದೇನಹಳ್ಳಿಯು ಇದೇ 44ನೆಯ ಹೆದ್ದಾರಿ ಹಾದುಹೋಗುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಕಾಲಪಾಲನೆಗೆ ಅವರ ಹೆಸರು ಮಾದರಿಯಾಗಿ ನಿಂತಿದೆ. ಹೊತ್ತಿಗೆ ಮುಂಚೆ ಸಿದ್ಧರಾಗುವವರಿಗೆ ಅವಸರದ ಅಗತ್ಯವಿಲ್ಲ. ಕಾಲವನ್ನು ಗಳಿಸಬೇಕಾದುದು ಮನೆಯಿಂದ ಹೊರಡುವಾಗಲೇ ಹೊರತು ಹೆದ್ದಾರಿಯ ಮೇಲಲ್ಲ. ಹತ್ತು ನಿಮಿಷ ಮುಂಚೆ ಹೊರಟವನಿಗೆ ಆ ಹತ್ತು ನಿಮಿಷವು ಪುಕ್ಕಟೆಯಾಗಿ ದೊರೆಯುತ್ತದೆ. ವೇಗದಿಂದ ಗಳಿಸಹೊರಟವನು ಅದಕ್ಕೆ ಪೆಟ್ರೋಲಿನ ಬೆಲೆಯನ್ನು ತೆರುತ್ತಾನೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದನ್ನೂ ತೆರುತ್ತಾನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರಿಗೂ ಇನ್ನೂ ಕಾರು ನಡೆಸುವ ವಯಸ್ಸಾಗಿಲ್ಲ. ಆದರೂ ಈ ಕಾರ್ಯದಲ್ಲಿ ನಿಮ್ಮ ಪಾಲು ಚಿಕ್ಕದಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೊರಡುವಾಗ ಒಂದು ಟಿಪ್ಪಣಿ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಿ. ಹೊರಡುವ ಮುನ್ನ ಟ್ಯಾಂಕನ್ನು ಪೂರ್ತಿ ತುಂಬಿಸಿ ಕಿಲೋಮೀಟರಿನ ಅಂಕಿಯನ್ನು ಬರೆದಿಡಿ. ಮತ್ತೆ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಸಾಗಿದ ದೂರವನ್ನು ಭಾಗಿಸಿ. ಅವಸರದ ದಿನದ ಲೆಕ್ಕವನ್ನೂ ಮಿತಿಯೊಳಗೆ ನಡೆದ ದಿನದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಬರೆದು ತಂದೆಯವರಿಗೆ ತೋರಿಸಿ. ಹಿಂದಿನ ಆಸನದಲ್ಲಿ ಕುಳಿತ ಮಗನೋ ಮಗಳೋ "ಅಪ್ಪಾ, ಸ್ವಲ್ಪ ನಿಧಾನವಾಗಿ ಹೋಗೋಣ" ಎಂದು ವಿನಯದಿಂದ ಹೇಳಿದರೆ ಅದನ್ನು ತಳ್ಳಿಹಾಕುವ ತಂದೆ ವಿರಳ. ಇಂದು ಹಿಂದಿನ ಆಸನದಲ್ಲಿರುವ ನೀವು ನಾಳೆ ಚಕ್ರದ ಮುಂದೆ ಕೂರುವವರು. ಈಗ ಕಲಿತ ಸಂಯಮವೇ ಅಂದು ನಿಮ್ಮ ಕೈಯನ್ನು ನಡೆಸುವುದು. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಹೆದ್ದಾರಿಯ ಮೇಲೆ ಅಕ್ಷರಶಃ ಸತ್ಯ.